ಅಂಗಳದ ನಿಂಬೆ, ಹಿತ್ತಲ ಚಕ್ಕೋತ

ಹೂವಿಗೊಂದು ಗಿಡ, ಹಣ್ಣಿಗೊಂದು, ನೆರಳಿಗೊಂದು ಎಂದು ಹಂಚಿಕೊಡುವಷ್ಟು ಜಾಗ ಈಗ ಎಷ್ಟು ಮನೆಗಳ ಮುಂದಿದೆ? 30×40ರ ಸೈಟಿನಲ್ಲಿ ಮನೆ ಎದ್ದು, ಕಾರಿಗೆ ಜಾಗ ಬಿಟ್ಟು, ಸಂಪು ತೋಡಿದ ಮೇಲೆ ಉಳಿಯುವುದು ಒಂದು ಮೂಲೆ. ಆ ಮೂಲೆಗೆ ಏನು ನೆಡಲಿ ಎಂದು ಕೇಳಿದವರಿಗೆಲ್ಲ ನಾನು ನಿಂಬೆ ಕುಲದ ಒಂದು ಗಿಡ ನೆಡಿ ಅನ್ನುತ್ತೇನೆ. ಎಲೆ ಉದುರಿಸಿ ಬೋಳಾಗಿ ನಿಲ್ಲುವ ಕಾಲ ಇದಕ್ಕಿಲ್ಲ. ಹೂ ಬಿಟ್ಟರೆ ಓಣಿಗೆಲ್ಲ ಘಮ. ಹಳೇ ಕಾಯಿ ತೂಗುತ್ತಿರುವಾಗಲೇ ಪಕ್ಕದ ರೆಂಬೆಯಲ್ಲಿ ಮೊಗ್ಗು ಕಟ್ಟಿರುತ್ತದೆ. ಆದರೂ ನಮ್ಮವರು ಅಂದಕ್ಕೆಂದು ಕ್ರೋಟನ್ನು, ಅರೇಕಾ ಪಾಮು ತಂದು ಗೇಟಿನ ಪಕ್ಕ ನಿಲ್ಲಿಸಿ ನಿಂಬೆಯನ್ನು ಅಡುಗೆಮನೆಯ ಹಿಂದಕ್ಕೆ ಅಟ್ಟುತ್ತಾರೆ. ಪಾತ್ರೆ ತೊಳೆದ ನೀರು ಸಾಕು ಅದಕ್ಕೆ, ಎಂದು ಬೇರೆ ಹೇಳುತ್ತಾರೆ. ನನ್ನ ಕೇಳಿದರೆ ಅದು ಮುಂಬಾಗಿಲಿನ ಗಿಡ.

ಪರಿಚಯ ಎಲೆಯಿಂದಲೇ ಶುರುವಾಗಲಿ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಬೆಳಕು ತೂರಿ ಬರುವ ಸಣ್ಣ ಸಣ್ಣ ಚುಕ್ಕಿಗಳು ಎಲೆಯ ತುಂಬ ಕಾಣುತ್ತವೆ. ಅವು ತೈಲದ ಗ್ರಂಥಿಗಳು. ಹಿಸುಕಿದಾಗ ಬರುವ ವಾಸನೆ ಅವುಗಳದೇ. ಕರಿಬೇವು, ಬಿಲ್ವಪತ್ರೆ, ಬೇಲದ ಎಲೆಗಳಲ್ಲೂ ಇದೇ ಚುಕ್ಕಿ ಸಿಗುತ್ತದೆ, ಏಕೆಂದರೆ ಇವೆಲ್ಲ ಒಂದೇ ಕುಟುಂಬ. ಆಮೇಲೆ ಎಲೆಯ ತೊಟ್ಟು ನೋಡಿ. ಚಕ್ಕೋತದ ತೊಟ್ಟಿಗೆ ಎರಡೂ ಬದಿಯಲ್ಲಿ ಅಗಲವಾದ ರೆಕ್ಕೆ ಇರುತ್ತದೆ, ದೊಡ್ಡ ಎಲೆಯ ಕೆಳಗೆ ಇನ್ನೊಂದು ಚಿಕ್ಕ ಎಲೆ ಅಂಟಿದೆಯೇನೋ ಅನ್ನಿಸುವಷ್ಟು. ಕಾಗ್ಜಿ ನಿಂಬೆಗೆ ಸಣ್ಣ ಅಂಚು ಮಾತ್ರ. ಮಾದಲಕ್ಕೆ ಅದೂ ಇಲ್ಲ. ಹೂವಿಲ್ಲದ, ಕಾಯಿಲ್ಲದ ಸಸಿಯನ್ನು ನರ್ಸರಿಯಲ್ಲಿ ಕೊಳ್ಳುವಾಗ ಈ ತೊಟ್ಟು ನೋಡುವ ಅಭ್ಯಾಸ ಬಹಳ ಕೆಲಸಕ್ಕೆ ಬರುತ್ತದೆ; ಚಕ್ಕೋತವೆಂದು ಹೇಳಿ ಬೇರೇನನ್ನೋ ಕಟ್ಟಿಕೊಟ್ಟರೆ ತಕ್ಷಣ ಗೊತ್ತಾಗುತ್ತದೆ.

ಚಕ್ಕೋತ, ಮಾದಲ, ಮ್ಯಾಂಡರಿನ್ ಕಿತ್ತಳೆ, ಈ ಮೂರೂ ಕುಲದ ಹಿರಿಯರು. ಪೇಟೆಯಲ್ಲಿ ಸಿಗುವ ಉಳಿದ ಬಹುಪಾಲು ಹಣ್ಣುಗಳು ಇವುಗಳ ಬೆರಕೆಯಿಂದ ಹುಟ್ಟಿದವು. ಮೂಸಂಬಿಯಲ್ಲಿ ಚಕ್ಕೋತದ್ದೂ ಕಿತ್ತಳೆಯದ್ದೂ ಪಾಲಿದೆ. ಗಜನಿಂಬೆಯ ಒಂದು ಕಡೆ ಮಾದಲ, ಇನ್ನೊಂದು ಕಡೆ ಹುಳಿ ಕಿತ್ತಳೆ. ಇವುಗಳ ತವರು ಪೂರ್ವ ಹಿಮಾಲಯದ ತಪ್ಪಲು: ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನದ ಯುನ್ನಾನ್ ಸೀಮೆ. ಮೇಘಾಲಯದ ಗಾರೋ ಬೆಟ್ಟಗಳಲ್ಲಿ ನೋಕ್ರೆಕ್ ಎಂಬ ಕಡೆ ಕಾಡುಕಿತ್ತಳೆಗೆಂದೇ ಕಾಪಿಟ್ಟ ಅರಣ್ಯವಿದೆ. ಈ ತವರಿನಿಂದ ಹೊರಟ ಗಿಡಗಳು ಯುರೋಪಿನವರ ಕೈಗೆ ಸಿಕ್ಕಿ ಅರಮನೆಯ ಅಲಂಕಾರವಾದವು. ಪ್ಯಾರಿಸಿನ ಪಕ್ಕದ ವರ್ಸೈಲ್ಸ್ ಅರಮನೆಯಲ್ಲಿ 1684ರಿಂದ 1686ರ ನಡುವೆ ವಾಸ್ತುಶಿಲ್ಪಿ ಹಾರ್ಡುವಾ-ಮಾನ್ಸಾರ್ ಕಿತ್ತಳೆ ಗಿಡಗಳಿಗಾಗಿಯೇ ಭಾರೀ ಕಮಾನಿನ ಮನೆ ಕಟ್ಟಿದ. ಮರದ ಪೆಟ್ಟಿಗೆಯಲ್ಲಿ ಬೆಳೆಸಿದ ಗಿಡಗಳನ್ನು ಚಳಿಗಾಲದಲ್ಲಿ ಒಳಗಿಟ್ಟು, ಬೇಸಗೆ ಬಂದಾಗ ಅಂಗಳಕ್ಕೆ ತಂದು ಸಾಲಾಗಿ ನಿಲ್ಲಿಸುವ ಪದ್ಧತಿ ಅಲ್ಲಿ ಇಂದಿಗೂ ಇದೆ. ಹಿಮ ಬೀಳುವ ನಾಡಿನ ಒದ್ದಾಟ ಅದು. ನಮ್ಮಲ್ಲಿ ಈ ಗಿಡ ಕೆಡುವುದು ಚಳಿಯಿಂದಲ್ಲ, ನೀರಿನಿಂದ.

ಆರೈಕೆಯ ವಿಷಯಕ್ಕೆ ಬರುವ ಮೊದಲು ಒಂದು ಸಂಗತಿ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸಲೀಸು. ಸೇಬು, ಅಂಜೂರದಂಥ ಮರಗಳು ಎಲೆ ಉದುರಿಸುವ ಮುಂಚೆ ತಮ್ಮ ಸತ್ವವನ್ನು ಕಾಂಡಕ್ಕೂ ಬೇರಿಗೂ ಇಳಿಸಿಕೊಳ್ಳುತ್ತವೆ. ನಿಂಬೆ ಕುಲದ ಮರದಲ್ಲಿ ಒಂದೊಂದು ಎಲೆ ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ಪಿಷ್ಟದ, ಸಾರಜನಕದ ದೊಡ್ಡ ಪಾಲು ಅಲ್ಲೇ ಶೇಖರವಾಗಿರುತ್ತದೆ. ಅಂದರೆ ಮರದ ಕಣಜ ಎಲೆಯಲ್ಲಿದೆ. ಮುಂದಿನ ಹೂವಿಗೂ ಕಾಯಿಗೂ ಕಾಳು ಹೋಗುವುದು ಅಲ್ಲಿಂದಲೇ. ನೋಡುವವರ ಕಣ್ಣಿಗೆ ಅಂದವಾಗಿ ಕಾಣುವ ಆ ದಟ್ಟ ಕಡುಹಸಿರು ಮರದ ಕೂಡಿಟ್ಟ ಆಸ್ತಿ. ಹಾಗಾಗಿ ಕತ್ತರಿ ಹಿಡಿದು ಗಿಡವನ್ನು ಚೆಂಡಿನಂತೆ ದುಂಡಗೆ ಕತ್ತರಿಸುವ ಮಾಲಿಯನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೂ ಬರುವುದು ತುದಿಯ ಚಿಗುರಿನಲ್ಲಿ. ಆತ ಕತ್ತರಿಸುವುದೂ ಅದನ್ನೇ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ರೆಂಬೆ, ನೆಲಕ್ಕೆ ತಾಗುವ ಕೊಂಬೆ, ಕಾಂಡದಿಂದ ನೆಟ್ಟಗೆ ಮೇಲೇಳುವ ಹುಚ್ಚು ಚಿಗುರು, ಇಷ್ಟು ತೆಗೆದರೆ ಸಾಕು. ದುಂಡನೆಯ ಆಕಾರ ಗಿಡಕ್ಕೆ ತಾನಾಗಿಯೇ ಬರುತ್ತದೆ.

ಯಾವುದನ್ನು ನೆಡಬೇಕು? ಕುಂಡವಾದರೆ ನರ್ಸರಿಯವರು ಚೈನಾ ಆರೆಂಜ್ ಎಂದು ಮಾರುವ ಪುಟ್ಟ ಕಿತ್ತಳೆ. ಗೋಲಿಗಿಂತ ತುಸು ದೊಡ್ಡ ಹಣ್ಣು, ತುಂಬ ಹುಳಿ. ಪಾನಕಕ್ಕೂ ಉಪ್ಪಿನಕಾಯಿಗೂ ಆದೀತು. ಆದರೆ ನೋಟಕ್ಕೆ ಅದನ್ನು ಮೀರಿಸುವುದು ಇನ್ನೊಂದಿಲ್ಲ, ಗಿಡದ ತುಂಬ ತಿಂಗಳುಗಟ್ಟಲೆ ಹಣ್ಣು ನಿಲ್ಲುತ್ತದೆ. ಮನೆಬಳಕೆಗೆ ಕಾಗ್ಜಿ ನಿಂಬೆ. ವಿಜಯಪುರ ಜಿಲ್ಲೆಯ ಇಂಡಿ ಸುತ್ತಮುತ್ತ ತೋಟಗಟ್ಟಲೆ ಬೆಳೆಯುವುದೂ ಈ ತೆಳುಸಿಪ್ಪೆಯ ಬಗೆಯನ್ನೇ. ಮುಳ್ಳು ಜಾಸ್ತಿ, ಮಕ್ಕಳು ಓಡಾಡುವ ದಾರಿಯಲ್ಲಿ ಬೇಡ. ಗಜನಿಂಬೆ ಎಲೆಯೂ ಕಾಯಿಯೂ ದೊಡ್ಡದು, ಚಿಗುರು ನಸು ನೇರಳೆ ಬಣ್ಣಕ್ಕೆ ತಿರುಗಿ ಚೆಂದ ಕಾಣುತ್ತದೆ. ಹಿತ್ತಲು ಅಂತ ನಿಜವಾಗಿ ಇರುವವರು, ಅಂದರೆ ಸುತ್ತ ಇಪ್ಪತ್ತು ಅಡಿ ಬಿಡಬಲ್ಲವರು, ಚಕ್ಕೋತ ನೆಡಬೇಕು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕಹಿ ಕಡಿಮೆ, ತೊಳೆ ನಸುಗೆಂಪು. 2008ರಲ್ಲಿ ವಿಮಾನ ನಿಲ್ದಾಣ ಬಂದು ಆ ಸೀಮೆಯ ಜಮೀನಿಗೆ ಚಿನ್ನದ ಬೆಲೆ ಹತ್ತಿದ ಮೇಲೆ ಅಲ್ಲಿನ ತೋಟಗಳು ಕರಗಿವೆ. ತಳಿ ಉಳಿಯುವುದಾದರೆ ಮನೆಗಳ ಹಿತ್ತಲಿನಲ್ಲೂ ಉಳಿಯಬೇಕು.

ಬೀಜ ಬಿತ್ತಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಸ್ವಾರಸ್ಯವಾಗಿದೆ. ನಿಂಬೆಯ ಒಂದು ಬೀಜ ಊರಿದರೆ ಕೆಲವು ಸಲ ಎರಡು, ಮೂರು ಮೊಳಕೆ ಏಳುತ್ತವೆ. ಅವುಗಳಲ್ಲಿ ಒಂದು ಪರಾಗಸ್ಪರ್ಶದಿಂದ ಹುಟ್ಟಿದ್ದಿರಬಹುದು. ಮಿಕ್ಕವು ತಾಯಿಯ ಅಂಗಾಂಶದಿಂದಲೇ ಮೂಡಿದವು, ತಾಯಿಯ ಪಡಿಯಚ್ಚು. ಕಿತ್ತಳೆ ಬೀಜದಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಸೂಕ್ಷ್ಮದರ್ಶಕದ ಲೀವೆನ್‌ಹುಕ್ 1719ರಷ್ಟು ಹಿಂದೆಯೇ ಗುರುತಿಸಿದ್ದ. ಸಾಮಾನ್ಯವಾಗಿ ಒಂದೇ ಸಮನೆ ದಷ್ಟಪುಷ್ಟವಾಗಿ ಬರುವ ಸಸಿಗಳು ತಾಯಿಯನ್ನು ಹೋಲುವಂಥವು. ಕುಳ್ಳಗೆ, ವಕ್ರವಾಗಿ, ಬೇರೆ ಬಗೆಯ ಎಲೆ ತೋರಿಸುವುದನ್ನು ಕಿತ್ತು ಹಾಕುವುದು ನರ್ಸರಿಯವರ ರೂಢಿ. ಆದ್ದರಿಂದ ಒಳ್ಳೆಯ ಕಾಗ್ಜಿ ನಿಂಬೆಯ ಬೀಜದಿಂದ ಒಳ್ಳೆಯ ಕಾಗ್ಜಿ ನಿಂಬೆಯನ್ನೇ ನಿರೀಕ್ಷಿಸಬಹುದು. ಬೀಜ ಒಣಗಿಸಬಾರದು, ಹಣ್ಣಿನಿಂದ ತೆಗೆದು ತೊಳೆದು ಹಸಿಯಾಗಿರುವಾಗಲೇ ಊರಬೇಕು. ಚಕ್ಕೋತ, ಮಾದಲಗಳ ಕಥೆ ಬೇರೆ. ಅವುಗಳ ಬೀಜದಲ್ಲಿ ಒಂದೇ ಭ್ರೂಣ, ಅದೂ ತಂದೆ ತಾಯಿ ಕೂಡಿದ್ದು. ಸಿಹಿ ಚಕ್ಕೋತದ ಬೀಜ ಹಾಕಿ ವರ್ಷಗಟ್ಟಲೆ ಕಾದು ಕೊನೆಗೆ ಕಹಿ ಕಾಯಿ ಕೊಯ್ದವರಿದ್ದಾರೆ. ಚಕ್ಕೋತಕ್ಕೆ ಗೂಟಿ ಕಟ್ಟಿದ ಅಥವಾ ಕಣ್ಣು ಕಸಿ ಮಾಡಿದ ಗಿಡವೇ ಆಗಬೇಕು.

ಈ ಕಣ್ಣು ಕಸಿ ನೋಡಲೇಬೇಕಾದ ಕೈಕೆಲಸ. ಜಂಬೇರಿ ಅಥವಾ ರಂಗ್‌ಪುರ ನಿಂಬೆಯ ಸಸಿ ಪೆನ್ಸಿಲ್ ಗಾತ್ರಕ್ಕೆ ಬಂದಿರುತ್ತದೆ. ಬೇರು ಅದರದ್ದು, ತಲೆ ಬೇರೆಯದ್ದು. ಕಸಿಗಾರ ಕಣ್ಣಿಗೆಂದು ಆರಿಸುವ ಕಡ್ಡಿ ಮೂಲೆ ಮೂಲೆಯಾಗಿರುವ ಎಳೆಯ ಚಿಗುರಲ್ಲ, ಮಾಗಿ ಉರುಟಾದದ್ದು. ಎಲೆಗಳನ್ನು ಕತ್ತರಿಸಿ ತೊಟ್ಟಿನ ತುಂಡನ್ನಷ್ಟೇ ಉಳಿಸುತ್ತಾನೆ. ನೆಲದಿಂದ ಗೇಣುದ್ದ ಮೇಲೆ, ಸಸಿಯ ತೊಗಟೆಯಲ್ಲಿ ಅಡ್ಡಕ್ಕೊಂದು ಗೀರು, ಅದರ ನಡುವಿನಿಂದ ಕೆಳಕ್ಕೆ ಒಂದು ಗೀರು. ಚಾಕುವಿನ ಹಿಂಬದಿಯಿಂದ ಮೀಟಿದರೆ ತೊಗಟೆಯ ಎರಡು ಬಾಗಿಲು ತೆರೆಯುತ್ತವೆ. ಗಿಡ ಚೆನ್ನಾಗಿ ಚಿಗುರುವ ಕಾಲದಲ್ಲಿ ಮಾತ್ರ ತೊಗಟೆ ಹೀಗೆ ಸಲೀಸಾಗಿ ಬಿಡುತ್ತದೆ. ಬಿಗಿದುಕೊಂಡಿದ್ದರೆ ಆತ ಚಾಕು ಮಡಚಿಟ್ಟು ಇನ್ನೊಂದು ದಿನ ಬರುತ್ತಾನೆ. ಕಡ್ಡಿಯಿಂದ ಒಂದು ಕಣ್ಣನ್ನು ಗುರಾಣಿಯಾಕಾರದಲ್ಲಿ ಕೊಯ್ದು, ತೊಟ್ಟಿನ ತುಂಡನ್ನೇ ಹಿಡಿಕೆ ಮಾಡಿಕೊಂಡು, ಕೊಯ್ದ ಮೈಗೆ ಬೆರಳು ತಾಗಿಸದೆ ಒಳಕ್ಕೆ ಜಾರಿಸುತ್ತಾನೆ. ಮೇಲೆ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯುತ್ತಾನೆ. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಎರಡು ಮೂರು ವಾರ ಕಳೆದ ಮೇಲೆ ಪರೀಕ್ಷೆ. ತೊಟ್ಟಿನ ತುಂಡು ಹಳದಿಯಾಗಿದ್ದು, ಬೆರಳು ಸೋಕಿದರೆ ಸಾಕು ಕಳಚಿ ಬಿದ್ದರೆ ಕಣ್ಣು ಹತ್ತಿದೆ ಎಂದರ್ಥ. ಒಣಗಿ ಕಪ್ಪಗೆ ಅಂಟಿಕೊಂಡೇ ಇದ್ದರೆ ಸತ್ತಿದೆ. ಬದುಕಿದ್ದು ಬಿಟ್ಟುಕೊಡುತ್ತದೆ, ಸತ್ತದ್ದು ಹಿಡಿದುಕೊಂಡಿರುತ್ತದೆ. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಇಂಥ ಗಿಡ ಮನೆಗೆ ಬಂದಾಗ ಕಸಿಯ ಗಂಟು ಎಲ್ಲಿದೆ ಎಂದು ಬೆರಳಾಡಿಸಿ ಗುರುತಿಟ್ಟುಕೊಳ್ಳಿ. ಅದು ಯಾವತ್ತೂ ಮಣ್ಣಿನ ಮೇಲೆ ಇರಬೇಕು. ಅದರ ಕೆಳಗಿನಿಂದ ಹೊರಡುವ ಚಿಗುರು ಎಷ್ಟೇ ಚೆನ್ನಾಗಿದ್ದರೂ ಜಂಬೇರಿಯದು. ಬೆರಳಲ್ಲೇ ಮುರಿದು ಹಾಕಬೇಕು. ಮೂಸಂಬಿ ಗಿಡ ನಾಲ್ಕು ವರ್ಷದ ಮೇಲೆ ಒರಟು ಹುಳಿಕಾಯಿ ಬಿಡತೊಡಗಿತು ಎಂದು ನರ್ಸರಿಯವರನ್ನು ಬಯ್ಯುವವರ ಮನೆಯಲ್ಲಿ ನಡೆದಿರುವುದು ಬಹುಮಟ್ಟಿಗೆ ಇದೇ. ಬುಡದ ಚಿಗುರು ಮೇಲಿನದನ್ನು ನುಂಗಿರುತ್ತದೆ.

ಗುಂಡಿ ಎರಡಡಿ ಉದ್ದಗಲ, ಎರಡಡಿ ಆಳ; ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ. ಕುಂಡವಾದರೆ 16 ಅಥವಾ 18 ಇಂಚಿನದು, ತಳದಲ್ಲಿ ತೂತು ದೊಡ್ಡದಿರಲಿ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ತಪ್ಪುವುದು ಆಮೇಲೆ. ಗಿಡದ ಬುಡಕ್ಕೆ ಮಣ್ಣು ಏರಿಸಿ, ಸುತ್ತ ಇಟ್ಟಿಗೆ ಕಟ್ಟೆ ಕಟ್ಟಿ, ಅದರೊಳಗೆ ದಿನಾ ಬೆಳಿಗ್ಗೆ ಪೈಪು ಬಿಡುತ್ತಾರೆ. ನಿಂಬೆಯ ಉಣ್ಣುವ ಬೇರುಗಳು ಮೇಲಿನ ಒಂದೂವರೆ, ಎರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ, ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಕಾಂಡದ ಬುಡ ಸದಾ ಒದ್ದೆಯಾಗಿದ್ದರೆ ಫೈಟಾಫ್ತೊರ ಎಂಬ ರೋಗಾಣು ಹತ್ತಿ ತೊಗಟೆ ಕೊಳೆತು ಅಂಟು ಸೋರುತ್ತದೆ. ತೋಟದವರು ಇದಕ್ಕೆ ಎರಡು ಬಳೆಯ ಪಾತಿ ಮಾಡುತ್ತಾರೆ: ಕಾಂಡದ ಸುತ್ತ ಮಣ್ಣಿನ ಒಂದು ಸಣ್ಣ ಬಳೆ, ಎಲೆಹರವಿನ ಅಂಚಿಗೆ ದೊಡ್ಡ ಬಳೆ; ನೀರು ಎರಡರ ನಡುವೆ ನಿಲ್ಲುತ್ತದೆ, ಕಾಂಡ ಒಣಗಿರುತ್ತದೆ. ನೆಲಕ್ಕೆ ಹೊಂದಿಕೊಂಡ ಗಿಡಕ್ಕೆ ವಾರಕ್ಕೊಮ್ಮೆ ತುಂಬ ಉಣಿಸಿ ಆಮೇಲೆ ಮೇಲ್ಮಣ್ಣು ಒಣಗಲು ಬಿಡುವುದು ದಿನಾ ಒಂದೊಂದು ಚೊಂಬು ಸುರಿಯುವುದಕ್ಕಿಂತ ಎಷ್ಟೋ ಮೇಲು. ಕುಂಡದಲ್ಲಿ ಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ. ತಣ್ಣಗಿದ್ದರೆ ನೀರು ಬೇಡ. ಕುಂಡದ ಮೇಲೆ ಬಿಳಿ ಕಲ್ಲು ಹರಡುವ ಫ್ಯಾಷನ್ನು ನನಗೆ ಹಿಡಿಸದು, ಮಣ್ಣಿನ ಸ್ಥಿತಿಯನ್ನು ಅದು ಮುಚ್ಚಿಡುತ್ತದೆ.

ಇನ್ನು ಎಲೆ ಓದುವುದು. ಈ ಕಸುಬಿನಲ್ಲಿ ನನಗೆ ಅತಿ ಮೆಚ್ಚಿನ ಭಾಗ ಇದೇ. ಎಲೆ ಹಳದಿಯಾಗಿದೆ ಎಂದಷ್ಟೇ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ಎಲೆ, ಹೇಗೆ ಹಳದಿ ಎಂದು ನೋಡಬೇಕು. ಹಳೆಯ ಎಲೆಗಳು ಒಂದೇ ಸಮ ಪೇಲವವಾದರೆ ಸಾರಜನಕ ಸಾಲದು. ಗಿಡ ಹಳೆಯದರಿಂದ ಕಿತ್ತು ಹೊಸದಕ್ಕೆ ಕೊಡುತ್ತಿದೆ. ಹಳೆಯ ಎಲೆಯೇ, ಆದರೆ ತೊಟ್ಟಿನ ಬಳಿ ಮಾತ್ರ ಹಸಿರು ಮುಕ್ಕೋನ ಉಳಿದು ಸುತ್ತ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ತುದಿಯ ಹೊಸ ಎಲೆ ಬೆಳ್ಳಗಾಗಿ, ಅದರಲ್ಲಿ ನರಗಳ ಬಲೆ ಮಾತ್ರ ಹಸಿರಾಗಿ ನಿಂತರೆ ಕಬ್ಬಿಣ. ಹೊಸ ಎಲೆ ಕಿರಿದಾಗಿ, ಚೂಪಾಗಿ, ನರಗಳ ನಡುವೆ ಹಳದಿ ಮಚ್ಚೆ ಬಂದು, ಕಡ್ಡಿಯ ತುದಿಯಲ್ಲಿ ಗುಂಪುಗಟ್ಟಿದರೆ ಸತು, ಅಂದರೆ ಜಿಂಕು. ಬೋರ್‌ವೆಲ್ಲಿನ ಗಡಸು ನೀರು ಕುಡಿಯುವ ಗಿಡಗಳಲ್ಲಿ ಕೊನೆಯ ಎರಡೂ ಒಟ್ಟಿಗೇ ಕಾಣುತ್ತವೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದ ಅಂಶ ಹೆಚ್ಚಾದಾಗ ಬೇರಿಗೆ ದಕ್ಕುವುದಿಲ್ಲ. ಅದಕ್ಕೇ ಮೂಟೆಗಟ್ಟಲೆ ಗೊಬ್ಬರ ಸುರಿದರೂ ಬಣ್ಣ ತಿರುಗದು. ಸತುವಿಗೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟು, 2.5 ಗ್ರಾಂ ಸುಣ್ಣ ಕಲಸಿ ಸೋಸಿ, ಎಳೆಯ ಎಲೆ ಬಲಿಯುವ ಹೊತ್ತಿಗೆ ಸಿಂಪಡಿಸುವುದು ಹಳೆಯ ನಂಬಿಕಸ್ತ ಮದ್ದು. ಚಾವಣಿಯ ಮಳೆನೀರು ಹಿಡಿದು ಹಾಕುವವರಿಗೆ ಈ ತಾಪತ್ರಯ ಕಡಿಮೆ.

ಇವೆಲ್ಲದರಲ್ಲೂ ಒಂದು ಶಿಸ್ತಿದೆ: ನಡುನರದ ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ. ಎಲೆಯ ಒಂದು ಅರ್ಧದ ಹಳದಿ ಇನ್ನೊಂದು ಅರ್ಧಕ್ಕೆ ತಾಳೆಯಾಗದೆ ಎಲ್ಲೆಂದರಲ್ಲಿ ಚೆಲ್ಲಿದಂತಿದ್ದರೆ ಎಚ್ಚರ. ಅದು ಹಸಿವಲ್ಲ, ಗ್ರೀನಿಂಗ್ ರೋಗವಿರಬಹುದು. ಸಿಲ್ಲಿಡ್ ಎಂಬ ಚಿಗುರು ಹೀರುವ ಪುಟ್ಟ ಕೀಟ ಹರಡುವ ಬ್ಯಾಕ್ಟೀರಿಯ ಅದು, ವಾಸಿಯಾಗುವುದಿಲ್ಲ. ಪಕ್ಕದ ಕರಿಬೇವಿನ ಕುಡಿಯಲ್ಲೂ ಈ ಕೀಟ ಕೂರುತ್ತದೆ, ಅಲ್ಲೂ ಕಣ್ಣಿಡಿ.

ಎಲೆ ತಿನ್ನುವವರ ಬಗ್ಗೆ ನಾನು ಸ್ವಲ್ಪ ಉದಾರಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂಡದ್ದು ಎರಡು ದಿನದ ಮೇಲೆ ಅಲುಗಿದರೆ ಅದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಬಣ್ಣದ ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ದೊಡ್ಡ ಮರ ನಾಲ್ಕು ಹುಳುವನ್ನು ಸಾಕಬಲ್ಲದು. ಮೊಣಕಾಲೆತ್ತರದ ಸಸಿಯಾದರೆ ಕೈಯಿಂದ ತೆಗೆದು ದೊಡ್ಡ ಗಿಡಕ್ಕೆ ಬಿಡಬಹುದು. ಎಳೆ ಎಲೆಯ ಮೇಲೆ ಬೆಳ್ಳಿ ಗೆರೆ ಎಳೆಯುವ ರಂಗೋಲಿ ಹುಳಕ್ಕೆ ಇಷ್ಟು ಸಲುಗೆ ಇಲ್ಲ. ಎಲೆಯನ್ನು ಮುರುಟಿಸುವುದಷ್ಟೇ ಅಲ್ಲ, ಅದು ಮಾಡಿದ ಗಾಯದಲ್ಲಿ ಕಜ್ಜಿ ರೋಗ ನೆಲೆಸುತ್ತದೆ. ಚಿಗುರಿನ ಕಾಲಕ್ಕೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಂಜೆ ಹೊತ್ತು ಹೊಡೆಯಬೇಕು. ಇನ್ನು ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆ ಈ ಮರದ ಹಳೆಯ ಕಾವಲುಗಾರ. ಕ್ರಿ.ಶ. 304ರದ್ದೆಂದು ಹೇಳುವ ಚೀನೀ ಗ್ರಂಥವೊಂದರಲ್ಲಿ ಕಿತ್ತಳೆ ತೋಟಕ್ಕೆಂದು ಇರುವೆಗೂಡುಗಳನ್ನು ಪೇಟೆಯಲ್ಲಿ ಮಾರುತ್ತಿದ್ದ ವಿವರವಿದೆ. ಕಾಯಿ ಕೊಯ್ಯಲು ಹೋದವರನ್ನೂ ಅವು ಬಿಡುವುದಿಲ್ಲ ಎನ್ನುವುದು ಬೇರೆ ಮಾತು.

ಬುಡ ಕೊಳೆಯುವುದಕ್ಕೂ ಕಜ್ಜಿಗೂ ತಡೆಯಾಗಿ, ಮುಂಗಾರಿಗೆ ಮುಂಚೆ ಒಂದು ದಿನ ಬೋರ್ಡೋ ದ್ರಾವಣದ ಕೆಲಸಕ್ಕೆ ಮೀಸಲಿಡಿ. ಅಡಿಕೆ ತೋಟದವರಿಗೆ ಇದು ಕರತಲಾಮಲಕ. ಮನೆಯ ಒಂದೆರಡು ಗಿಡಕ್ಕೆ 10 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಎರಡನ್ನೂ ಒಟ್ಟಿಗೇ ಮೂರನೆಯ ಪಾತ್ರೆಗೆ ಸುರಿಯುತ್ತ ಕಲಕಿದರೆ ತಿಳಿ ನೀಲಿ ದ್ರಾವಣ ಬರುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಬಣ್ಣ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಡುತ್ತದೆ. ಸುಣ್ಣದ ನೀರು ಇನ್ನಷ್ಟು ಸೇರಿಸಬೇಕು. ಅಂದೇ ಮಾಡಿ ಅಂದೇ ಮುಗಿಸಬೇಕು. ಕಾಂಡಕ್ಕೆ ಹಚ್ಚುವುದಕ್ಕೆ ಇದನ್ನೇ ಹತ್ತು ಪಟ್ಟು ಮಂದವಾಗಿ ಕಲಸಿ, ಹಳೇ ಬ್ರಶ್ಶಿನಿಂದ ಎರಡಡಿ ಎತ್ತರಕ್ಕೆ ಬಳಿಯುತ್ತಾರೆ.

ಹೂವಿನ ಕಾಲವನ್ನು ರೈತರು ನೀರಿನಿಂದಲೇ ಆಳುತ್ತಾರೆ. ವರ್ಷದಲ್ಲಿ ಮೂರು ಬಹಾರ: ಚಳಿ ಮುಗಿಯುವಾಗ ಅಂಬೆ, ಮುಂಗಾರಿಗೆ ಮೃಗ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಸ್ತ. ಕೊನೆಯೆರಡರ ಹೆಸರು ಮಳೆ ನಕ್ಷತ್ರದಿಂದ ಬಂದದ್ದು. ಬೇಕಾದ ಬಹಾರಕ್ಕೆ ಮುಂಚೆ ಕೆಲವು ವಾರ ನೀರು ನಿಲ್ಲಿಸಿ, ಎಲೆ ಬಾಡಲು ತೊಡಗಿದಾಗ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಗಿಡ ಒಮ್ಮೆಲೇ ಹೂ ತಳೆಯುತ್ತದೆ. ಬೇಸಗೆಯಲ್ಲಿ ನಿಂಬೆಗೆ ಬೆಲೆ ಬರುವುದರಿಂದ ಹಸ್ತ ಬಹಾರಕ್ಕೆ ಎಲ್ಲರ ಆಸೆ; ಆದರೆ ಆ ಹೊತ್ತಿಗೆ ಮಳೆ ಇನ್ನೂ ಬರುತ್ತಿರುತ್ತದೆ, ಮಣ್ಣು ಒಣಗಿಸುವುದು ಸುಲಭವಲ್ಲ. ಮನೆಗಿಡಕ್ಕೆ ಇಷ್ಟು ಕಠಿಣ ಬೇಡ, ಜನವರಿಯಲ್ಲಿ ಎರಡು ಮೂರು ವಾರ ಕೈ ಬಿಗಿಹಿಡಿದರೆ ಆಯಿತು. ಹೂವೆಲ್ಲ ನೆಲಕ್ಕೆ ಹಾಸಿತು ಎಂದು ಗಾಬರಿಪಡುವವರಿಗೆ ಒಂದು ಮಾತು: ನೂರು ಹೂವಿನಲ್ಲಿ ಒಂದೆರಡು ಕಾಯಾಗಿ ನಿಂತರೂ ಮರಕ್ಕೆ ಅದು ಹೊರುವಷ್ಟಾಗುತ್ತದೆ.

ಕೊಯ್ಯುವಾಗ ಎಳೆಯಬಾರದು; ಸಿಪ್ಪೆ ಕಿತ್ತು ಬಂದರೆ ಹಣ್ಣು ಅಲ್ಲಿಂದಲೇ ಕೊಳೆಯುತ್ತದೆ. ತೊಟ್ಟು ಗಿಡ್ಡಕ್ಕೆ ಬಿಟ್ಟು ಕತ್ತರಿಯಿಂದ ತೆಗೆಯಬೇಕು, ಇಬ್ಬನಿ ಆರಿದ ಮೇಲೆ. ಈ ಕುಲದ ಹಣ್ಣು ಕೊಯ್ದ ಮೇಲೆ ಮಾವಿನ ಹಾಗೆ ಹಣ್ಣಾಗುವುದಿಲ್ಲ, ಗಿಡದಲ್ಲೇ ಮಾಗಬೇಕು. ಬಣ್ಣ ನಂಬುವಂತಿಲ್ಲ, ಸಿಪ್ಪೆಯ ಹಸಿರು ಹೋಗಲು ರಾತ್ರಿ ತಂಪು ಬೇಕು. ಬೆಚ್ಚಗಿನ ಊರಿನಲ್ಲಿ ಪೂರ್ತಿ ಮಾಗಿದ ಹಣ್ಣೂ ಹಸಿರಾಗಿಯೇ ಇರಬಹುದು. ಚಕ್ಕೋತವನ್ನು ಕೈಯಲ್ಲಿ ತೂಗಿ ನೋಡುತ್ತಾರೆ, ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಕೊಯ್ದು ವಾರವೋ ಹತ್ತು ದಿನವೋ ನೆರಳಿನಲ್ಲಿಟ್ಟರೆ ಸಿಪ್ಪೆ ಸ್ವಲ್ಪ ಸುಕ್ಕಾಗಿ ಸುಲಿಯಲು ಹಗುರ. ದಪ್ಪ ಬಿಳಿ ತಿರುಳು, ತೊಳೆಯ ಮೇಲಿನ ಪೊರೆ ಎರಡನ್ನೂ ಬಿಡಿಸಿ ಎಸೆಯಿರಿ, ಕಹಿ ಇರುವುದು ಅವುಗಳಲ್ಲೇ. ಕೊಲೆಸ್ಟರಾಲಿಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರು ಮಾತ್ರ ತಟ್ಟೆ ಮುಂದಕ್ಕೆಳೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ಅಂಥ ಕೆಲವು ಔಷಧಿಗಳಿಗೂ ಚಕ್ಕೋತಕ್ಕೂ ಸರಿಹೋಗುವುದಿಲ್ಲ.